ಮೊದಲು ಫ್ಯೂಸ್ ನೋಡು

ನಮ್ಮ ಮನೆಯ ಅಟ್ಟದಲ್ಲಿ, ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿಟ್ಟ ಲ್ಯಾಪ್‌ಟಾಪ್ ಒಂದಿತ್ತು. 2010ರಲ್ಲಿ ನಾನು ಪತ್ರಿಕೋದ್ಯಮ ಓದುತ್ತಿದ್ದಾಗ ಅಪ್ಪ ಆ ವರ್ಷದ ಕೊಬ್ಬರಿ ಮಾರಿ ಕೊಡಿಸಿದ್ದು. ನಮ್ಮೂರು ತಿಪಟೂರು ಸೀಮೆಯದು. ಇಲ್ಲಿ ಮಕ್ಕಳ ಫೀಸು, ಮದುವೆ, ಬೋರ್‌ವೆಲ್ಲು, ಲ್ಯಾಪ್‌ಟಾಪು ಎಲ್ಲವೂ ಕೊಬ್ಬರಿ ಲೆಕ್ಕದಲ್ಲೇ ನಡೆಯುವುದು.

ನಾಲ್ಕು ವರ್ಷ ಅದು ಚೆನ್ನಾಗಿಯೇ ಕೆಲಸ ಮಾಡಿತು. 2014ರಲ್ಲಿ ಒಂದು ದಿನ ಬಸ್ಸಿಳಿದು ರೂಮಿಗೆ ಬಂದು ತೆಗೆದು ನೋಡಿದರೆ ವೈಫೈ ಇಲ್ಲ. ಪರದೆಯ ಮೂಲೆಯಲ್ಲಿ ಕೆಂಪು ಅಡ್ಡಗೀಟು. ವಿಂಡೋಸ್ ಏನೋ ಇಂಗ್ಲಿಷಿನಲ್ಲಿ ಹೇಳುತ್ತಿತ್ತು, ನಾನು ಓದದೆ ಕ್ಲೋಸ್ ಮಾಡುತ್ತಿದ್ದೆ. ಪಟ್ಟಣದ ಅಂಗಡಿಯೊಂದಕ್ಕೆ ತೋರಿಸಿದೆ. ಅವರು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ನೋಡಿ, "ಕಾರ್ಡ್ ಹೋಗಿದೆ, ಬೋರ್ಡೂ ಅನುಮಾನ. ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ" ಅಂದರು.

ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನನಗೆ ಬೇಜಾರಾಗಲಿಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಜೊತೆಯವರ ಹತ್ತಿರ ತೆಳ್ಳಗಿನ ಹೊಸ ಲ್ಯಾಪ್‌ಟಾಪ್‌ಗಳಿದ್ದವು. ನನಗೂ ಒಂದು ಬೇಕಿತ್ತು. ಊರಿಗೆ ಹೋಗಿ ಹೇಳಿದೆ, "ಅಪ್ಪ, ಅದು ಹೋಗೈತೆ."

"ಇನ್ನೊಂದ್ ಕಡೆ ತೋರ್ಸಿ ನೋಡು" ಅಂದರು ಅಪ್ಪ.

"ತೋರ್ಸಾಯ್ತಪ್ಪ. ಹೋಗೈತೆ."

ಅಪ್ಪ ಮತ್ತೆ ಮಾತಾಡಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು, ತೋಟದಲ್ಲಿ ಕಾಯಿ ಕಡಿಮೆ. ಹೊಲದ ಬದುವಿನ ಮೇಲೆ ನಮ್ಮ ತಾತ ಹಾಕಿದ್ದ ಹಲಸಿನ ಮರವೊಂದಿತ್ತು. ಅದನ್ನು ಸಾಮಿಲ್‌ನವರಿಗೆ ಕೊಟ್ಟರು. ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ನನಗೆ ಹೊಸ ಲ್ಯಾಪ್‌ಟಾಪ್ ಬಂತು. ಹಳೆಯದು ಪಂಚೆ ಸುತ್ತಿಕೊಂಡು ಅಟ್ಟ ಸೇರಿತು. ನಮ್ಮಪ್ಪ ಏನನ್ನೂ ಎಸೆಯುವವರಲ್ಲ.

ಅಟ್ಟದಿಂದ ಇಳಿದದ್ದು

2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಕ್ಕನೂ ಬಂದಿದ್ದಳು. ಅಕ್ಕನ ಮಗಳು ಆ ವರ್ಷ ಬಿಸಿಎ ಸೇರಿದ್ದಾಳೆ. ಕಾಲೇಜಿನ ಲ್ಯಾಬ್‌ನಲ್ಲಿ ವಾರಕ್ಕೆ ಕೆಲವೇ ಗಂಟೆ ಸಿಗುತ್ತದಂತೆ. ಉಳಿದದ್ದನ್ನು ಫೋನಿನಲ್ಲಿ ಮಾಡಬೇಕು. ಸಿ ಪ್ರೋಗ್ರಾಮನ್ನು ಬೆರಳಗಲದ ಪರದೆಯಲ್ಲಿ ಬರೆಯುವುದು ಎಷ್ಟು ಕಷ್ಟ ಅಂತ ಬರೆದವರಿಗೇ ಗೊತ್ತು. ಅಕ್ಕ ಸಂಘದಲ್ಲಿ 40 ಸಾವಿರ ಸಾಲ ಎತ್ತಲು ಮಾತಾಡಿದ್ದಳು. ವಾರವಾರ ಕಂತು ಕಟ್ಟಬೇಕು.

"ಮಾಮ, ಅಟ್ಟದ ಮೇಲೊಂದೈತಲ್ಲ?" ಅಂದಳು ಹುಡುಗಿ.

"ಅದು ಹೋಗೈತೆ ಪುಟ್ಟಿ. ವೈಫೈ ಇಲ್ಲ."

"ವೈಫೈ ತಾನೆ ಹೋಗಿರೋದು? ಟೈಪ್ ಮಾಡಕ್ಕಾದ್ರೂ ಆಗುತ್ತಲ್ಲ."

ಹನ್ನೊಂದು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಇಳಿಸಿದೆವು. ಬ್ಯಾಟರಿ ಸತ್ತಿತ್ತು, ಚಾರ್ಜರ್ ಸಿಕ್ಕಿಸಿದರೆ ಮಾತ್ರ ಓಡುತ್ತಿತ್ತು. 2 ಜಿಬಿ ರ‍್ಯಾಮ್. ಒಳಗಿದ್ದದ್ದು ವಿಂಡೋಸ್ 7. ಅದಕ್ಕೆ ತಯಾರಕರ ಬೆಂಬಲ ನಿಂತದ್ದೇ 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೂ ಅದೇ ದೀಪಾವಳಿಗೆ ಒಂದು ವಾರ ಮುಂಚೆ, ಅಕ್ಟೋಬರ್ 14ಕ್ಕೆ ಉಚಿತ ಬೆಂಬಲ ಮುಗಿದಿತ್ತು. ಹಾಗಾಗಿ ಲಿನಕ್ಸ್ ಹಾಕೋಣ ಅಂದುಕೊಂಡೆ. ಲಿನಕ್ಸ್ ಅಂದರೆ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಶುರುಮಾಡಿದ್ದು. ಅದರ ಒಳಗೇನಿದೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಕಾಸು ಕೊಡಬೇಕಿಲ್ಲ. ಅದರ ಮೇಲೆ ಕಟ್ಟಿದ ಹಲವು ಬಗೆಗಳಲ್ಲಿ ನಾನು ಆರಿಸಿದ್ದು ಡೆಬಿಯನ್ 12. ಪರದೆಗೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಹೊದಿಕೆ. ನನ್ನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ತಯಾರು ಮಾಡಿ ಇದಕ್ಕೆ ಚುಚ್ಚಿದೆ. ಅರ್ಧ ಗಂಟೆಯಲ್ಲಿ ಇನ್‌ಸ್ಟಾಲ್ ಆಯಿತು. ಪರದೆ, ಸ್ಪೀಕರ್, ಕೀಲಿಮಣೆ ಎಲ್ಲ ಸರಿ. ವೈಫೈ ಮಾತ್ರ ಇಲ್ಲ.

"ನೋಡ್ದಾ, ಹೋಗೈತೆ ಅಂದ್ನಲ್ಲ" ಅಂದೆ. ಹೇಳುವಾಗ ಒಳಗೊಳಗೇ ಸಮಾಧಾನವಾಯಿತು ಅನ್ನಿಸುತ್ತದೆ. ಹಿಂದೆ ಹೇಳಿದ್ದು ಸುಳ್ಳಾಗಲಿಲ್ಲವಲ್ಲ ಅಂತ.

ಆಮೇಲೆ ನಾಚಿಕೆಯಾಯಿತು. ಸುದ್ದಿಗೆ ಹೋದಾಗ "ಯಾರೋ ಹೇಳಿದರು" ಅಂತ ಬರೆದರೆ ಸಂಪಾದಕರು ಬೈಯುತ್ತಾರೆ. ಹೋಗಿ ನೋಡಿಕೊಂಡು ಬಾ ಅನ್ನುತ್ತಾರೆ. ಈ ಕಾರ್ಡ್ ವಿಷಯದಲ್ಲಿ ನಾನು ಒಂದು ಸಲವೂ ಹೋಗಿ ನೋಡಿರಲಿಲ್ಲ.

ಕಾರ್ಡ್ ಇದೆಯಾ ಇಲ್ಲವಾ?

ಮೊದಲು ಕೇಳಬೇಕಾದ್ದು ಇದೇ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ' ಎಂಬ ಆದೇಶಕ್ಕೆ 'ಎನ್‌ಎನ್' ಸೇರಿಸಿ ಕೊಟ್ಟರೆ, ಯಂತ್ರದ ಒಳಗೆ ಕೂತಿರುವ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಮನೆಮನೆ ಗಣತಿ ಇದ್ದ ಹಾಗೆ. ಪ್ರತಿ ಕಾರ್ಡ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಮ್ಮದರಲ್ಲಿ ಹೀಗೆ ಬಂತು: ಬ್ರಾಡ್‌ಕಾಮ್ ಬಿಸಿಎಂ4312, ಸಂಖ್ಯೆ 14ಇ4:4315. ಮುಂದಿನ ನಾಲ್ಕು ಅಕ್ಷರ ತಯಾರಕರದ್ದು, ಹಿಂದಿನ ನಾಲ್ಕು ಕಾರ್ಡಿನದ್ದು. ಹೆಸರಿನಲ್ಲಿ 4312, ಸಂಖ್ಯೆಯಲ್ಲಿ 4315. ಹೀಗೆ ಗೊಂದಲವಾದಾಗ ಹೆಸರು ಬಿಟ್ಟು ಸಂಖ್ಯೆ ನಂಬಬೇಕು.

ಪಟ್ಟಿಯಲ್ಲಿ ಹೆಸರು ಬಂತು ಅಂದರೆ ಕಾರ್ಡ್ ಕರೆದಾಗ 'ಓ' ಅಂದಿದೆ ಅಂತಲೇ ಅರ್ಥ. ಪೂರ್ತಿ ಸತ್ತ ಕಾರ್ಡ್ ಸಾಮಾನ್ಯವಾಗಿ ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ನನಗೆ ಅಲ್ಲಿಗೇ ಎದೆ ಧಸಕ್ಕೆಂದಿತು.

ಮುಂದೆ 'ಡಿಮೆಸೇಜ್' ಅಂತ ಇನ್ನೊಂದು ಆದೇಶ. ಯಂತ್ರ ಎದ್ದಾಗಿನಿಂದ ಏನೇನಾಯಿತು ಅಂತ ಅದು ತಾನೇ ಬರೆದಿಟ್ಟುಕೊಂಡ ದಿನಚರಿ ಇದರಲ್ಲಿ ಸಿಗುತ್ತದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಿ43 ಚಾಲಕಕ್ಕೆ ಬೇಕಾದ 'ಯುಕೋಡ್15' ಎಂಬ ಫರ್ಮ್‌ವೇರ್ ಕಡತ ಸಿಕ್ಕಿಲ್ಲ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಡಿ ಹೊಡೆಯುವವನಿಗೆ ಎತ್ತಿನ ಭಾಷೆ ಗೊತ್ತಿರಬೇಕು. ಯಾವ ಸದ್ದಿಗೆ ಎಡ, ಯಾವ ಸದ್ದಿಗೆ ಬಲ. ಕಂಪ್ಯೂಟರಿನಲ್ಲಿ ಡ್ರೈವರ್ ಅಂದರೆ ಇದೇ, ಕಾರ್ಡ್ ಜೊತೆ ಮಾತಾಡಬಲ್ಲವನು. ಆದರೆ ಎತ್ತಿಗೆ ಮೇವೂ ಹಾಕಬೇಕಲ್ಲ? ಫರ್ಮ್‌ವೇರ್ ಆ ಮೇವಿದ್ದಂತೆ. ಅದು ಕಾರ್ಡಿನ ಒಳಗೇ ಓಡುವ ಪುಟ್ಟ ಪ್ರೋಗ್ರಾಮು. ಈ ಜಾತಿಯ ಕಾರ್ಡ್ ಕರೆಂಟ್ ಹೋದೊಡನೆ ಅದನ್ನು ಮರೆತುಬಿಡುತ್ತದೆ. ಪ್ರತಿ ಸಲ ಯಂತ್ರ ಎದ್ದಾಗಲೂ ಹೊಸದಾಗಿ ತುಂಬಬೇಕು. ನಮ್ಮ ಡೆಬಿಯನ್‌ನಲ್ಲಿ ಗಾಡಿ ಹೊಡೆಯುವವನಿದ್ದ, ಮೇವು ಇರಲಿಲ್ಲ.

ಯಾಕಿರಲಿಲ್ಲ? ಡೆಬಿಯನ್ 12 ಬಂದಾಗ, 2023ರಲ್ಲಿ, ಅನೇಕ ಕಾರ್ಡ್‌ಗಳ ಫರ್ಮ್‌ವೇರನ್ನು ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಕಡತದಲ್ಲೇ ಸೇರಿಸಿದರು. ಅದಕ್ಕೆ ಹಿಂದಿನ ವರ್ಷ ಆ ಯೋಜನೆಯ ಸದಸ್ಯರು ಮತ ಹಾಕಿ ತೀರ್ಮಾನಿಸಿದ್ದರು. ಆದರೆ ಹಂಚಲು ಅನುಮತಿ ಇರುವ ಫರ್ಮ್‌ವೇರನ್ನು ಮಾತ್ರ ಸೇರಿಸಬಹುದು. ಬಿ43ಗೆ ಬೇಕಾದದ್ದಕ್ಕೆ ಅಂಥ ಅನುಮತಿ ಇಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದಾರೆ. 'ಫರ್ಮ್‌ವೇರ್ ಬಿ43 ಇನ್‌ಸ್ಟಾಲರ್' ಎಂಬ ಪ್ಯಾಕೇಜ್ ಇದೆ. ಅದು ಬೇರೆಡೆ ಇರುವ ಹಳೆಯ ಡ್ರೈವರ್ ಕಡತವನ್ನು ನಮ್ಮ ಯಂತ್ರಕ್ಕೇ ತರಿಸಿ, ಅದರೊಳಗಿನಿಂದ ಫರ್ಮ್‌ವೇರ್ ಭಾಗವನ್ನು ನಮ್ಮಲ್ಲೇ ಕತ್ತರಿಸಿ ತೆಗೆಯುತ್ತದೆ. ಕತ್ತರಿಸುವ ಸಾಧನದ ಹೆಸರೇ 'ಎಫ್‌ಡಬ್ಲ್ಯು ಕಟರ್'. ಕಾಯಿ ತಂದು ಮನೆಯಲ್ಲೇ ಸುಲಿದುಕೊಂಡ ಹಾಗೆ.

ಬಿ43 ಡ್ರೈವರ್ ಹುಟ್ಟಿದ ರೀತಿಯೂ ಕೇಳುವಂಥದ್ದೇ. ಕಾರ್ಡ್ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರ ಹೊರಗೆ ಸಿಗುತ್ತಿರಲಿಲ್ಲ. ಕೆಲವರು ಇದ್ದ ಡ್ರೈವರನ್ನು ಬಿಡಿಸಿ ನೋಡಿ, ಕಾರ್ಡ್ ಏನು ಕೇಳುತ್ತದೆ, ಏನು ಕೊಟ್ಟರೆ ಏನಾಗುತ್ತದೆ ಅಂತ ಬರೆದಿಟ್ಟರು. ಬೇರೆಯವರು ಆ ಬರಹ ಮಾತ್ರ ಓದಿ, ಮೂಲದ ಒಂದು ಸಾಲನ್ನೂ ನಕಲು ಮಾಡದೆ, ಹೊಸ ಡ್ರೈವರ್ ಬರೆದರು. ಅದರ ಮೊದಲ ರೂಪ 2006ರಲ್ಲಿ ಲಿನಕ್ಸ್ 2.6.17ಕ್ಕೆ ಸೇರಿತು. ಬಿ43 ಎಂಬ ಹೆಸರಿನಲ್ಲಿ 2008ರ ಜನವರಿಯಲ್ಲಿ ಬಂತು. ನಮ್ಮ 4312ಕ್ಕೆ ಬೆಂಬಲ ಸಿಕ್ಕಿದ್ದು 2009ರ ಡಿಸೆಂಬರಿನಲ್ಲಿ ಬಂದ 2.6.32ರಲ್ಲಿ. ಅಂದರೆ ಅಪ್ಪ ಕೊಬ್ಬರಿ ಮಾರಿ ಲ್ಯಾಪ್‌ಟಾಪ್ ತರುವ ಹೊತ್ತಿಗೆ, ನಮ್ಮ ಊರಿನ ಹೆಸರೂ ಕೇಳಿರದ ಯಾರೋ ಕೂತು ಅದರ ಕಾರ್ಡಿಗೆ ಡ್ರೈವರ್ ಬರೆದು ಮುಗಿಸಿದ್ದರು. ನಾನು ಹುಡುಕಲಿಲ್ಲ ಅಷ್ಟೇ.

ತಾರಸಿ ಮೇಲೆ ಒಂದು ಸಂಜೆ

ಈಗ ತೊಡಕು ಏನೆಂದರೆ, ವೈಫೈ ಬರಬೇಕಾದರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಬೇಕಾದರೆ ಇಂಟರ್ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಗಾದೆ ಇದಕ್ಕೇ ಹುಟ್ಟಿರಬೇಕು.

ಬಿಡಿಸಿದ್ದು ಅಕ್ಕನ ಮಗಳ ಫೋನು. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಆನ್ ಮಾಡಿದರೆ, ಲಿನಕ್ಸ್ ಆ ಫೋನನ್ನೇ ಒಂದು ನೆಟ್‌ವರ್ಕ್ ಕಾರ್ಡ್ ಅಂತ ತಿಳಿದುಕೊಳ್ಳುತ್ತದೆ. ಬೇರೆ ಡ್ರೈವರ್ ಹಾಕಬೇಕಿಲ್ಲ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳಿ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಬೇಕು. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ಗಳಲ್ಲಿ ಆಗುವುದಿಲ್ಲ.

ನಮ್ಮ ಮನೆಯೊಳಗೆ ಸಿಗ್ನಲ್ ನಿಲ್ಲುವುದಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದುಕೊಂಡು ತಾರಸಿಗೆ ಹೋದೆವು. ಡೆಬಿಯನ್‌ನ ಪ್ಯಾಕೇಜ್ ಪಟ್ಟಿಯಲ್ಲಿ 'ಕಾಂಟ್ರಿಬ್' ಎಂಬ ವಿಭಾಗ ಸೇರಿಸಿ, ಪಟ್ಟಿ ಹೊಸದು ಮಾಡಿ, ಇನ್‌ಸ್ಟಾಲರ್‌ಗೆ ಆದೇಶ ಕೊಟ್ಟೆ. ಅರ್ಧ ಆಗಿತ್ತು, ಕರೆಂಟ್ ಹೋಯಿತು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಪಟ್ಟಂತ ಆರಿತು.

ಕರೆಂಟ್ ಬರಲಿ ಅಂತ ಕೂತೆವು. ತಾರಸಿಯಿಂದ ನಮ್ಮ ಹೊಲ ಕಾಣುತ್ತದೆ. ಬದುವಿನ ಮೇಲೆ ಆ ಮರ ಇದ್ದ ಜಾಗವೂ ಕಾಣುತ್ತದೆ. ಬೇಸಿಗೆಯಲ್ಲಿ ಅದರ ಬುಡದಲ್ಲಿ ಕೂತು ಹಣ್ಣು ಬಿಡಿಸುತ್ತಿದ್ದೆವು. ಕೈಗೆ ಎಣ್ಣೆ ಹಚ್ಚಿಕೊಂಡರೂ ಅಂಟು ಎರಡು ದಿನ ಬಿಡುತ್ತಿರಲಿಲ್ಲ. ಹುಡುಗಿಗೆ ಆ ಮರದ ನೆನಪೇ ಇಲ್ಲ. ಅದು ಬೀಳುವಾಗ ಅವಳು ಏಳು ವರ್ಷದವಳು.

ಮುಕ್ಕಾಲು ಗಂಟೆಯ ಮೇಲೆ ಕರೆಂಟ್ ಬಂತು. ಅರ್ಧಕ್ಕೆ ನಿಂತ ಕೆಲಸವನ್ನು ಮೊದಲು ಮುಗಿಸು ಅಂತ ಡೆಬಿಯನ್‌ಗೆ ಹೇಳುವ ಆದೇಶವೊಂದಿದೆ, 'ಡಿಪಿಕೆಜಿ'ಗೆ 'ಕಾನ್ಫಿಗರ್' ಮತ್ತು 'ಎ' ಸೇರಿಸಿ ಕೊಡುವುದು. ಅದನ್ನು ಕೊಟ್ಟು ಮತ್ತೆ ಶುರುಮಾಡಿದೆ. ಈ ಸಲ ಪೂರ್ತಿ ಆಯಿತು. ರೀಸ್ಟಾರ್ಟ್ ಮಾಡಿದೆ. ದಿನಚರಿ ತೆಗೆದು ನೋಡಿದೆ. ಫರ್ಮ್‌ವೇರ್ ತುಂಬಿದೆ ಅಂತ ಬಂದಿತ್ತು.

ಆದರೂ ಒಂದು ನೆಟ್‌ವರ್ಕೂ ಕಾಣುತ್ತಿಲ್ಲ.

"ಕೊನೇ ಸಾಲು ಓದು ಮಾಮ" ಅಂದಳು ಅಕ್ಕನ ಮಗಳು.

ದಿನಚರಿಯ ಕೊನೆಯಲ್ಲಿ ಡ್ರೈವರ್ ಬರೆದಿತ್ತು. ಅದರ ಸಾರಾಂಶ ಇಷ್ಟು: ಯಂತ್ರದ ಮೇಲಿರುವ ಬಟನ್ ಇನ್ನೂ ರೇಡಿಯೊವನ್ನು ಆರಿಸಿಯೇ ಇಟ್ಟಿದೆ, ಬೇಕಾದರೆ ಬಟನ್ ಒತ್ತಿ ಹಾಕಿಕೊಳ್ಳಿ.

ಯಾವ ಬಟನ್?

ಅವಳು ಲ್ಯಾಪ್‌ಟಾಪನ್ನು ಎತ್ತಿ ಸುತ್ತ ಬೆರಳಾಡಿಸಿದಳು. ಬಲಗಡೆ ಅಂಚಿನಲ್ಲಿ, ಧೂಳು ತುಂಬಿದ ಒಂದು ಸಣ್ಣ ಜಾರುವ ಸ್ವಿಚ್. ಉಗುರಿನಿಂದ ಅತ್ತ ತಳ್ಳಿದಳು. ಸ್ವಿಚ್ ಪಕ್ಕ ನೀಲಿ ದೀಪ ಹತ್ತಿತು. ಪರದೆಯ ಮೇಲೆ ಪಕ್ಕದ ಬೀದಿ ಮೇಷ್ಟ್ರ ಮನೆಯ ವೈಫೈ ಹೆಸರು ಬಂತು.

ಅವಳು ಕುಣಿದಳು. ನಾನು ಸುಮ್ಮನೆ ಕೂತೆ.

2014ರಲ್ಲಿ ಬಸ್ಸಿನಲ್ಲಿ ಬರುವಾಗ ಬ್ಯಾಗಿನಲ್ಲಿ ಏನೋ ಒತ್ತಿ ಆ ಸ್ವಿಚ್ ಜಾರಿರಬೇಕು. ಕಾರ್ಡ್‌ಗೆ ಏನೂ ಆಗಿರಲಿಲ್ಲ, ಬೋರ್ಡ್‌ಗೂ ಏನೂ ಆಗಿರಲಿಲ್ಲ. ಒಂದು ಉಗುರಿನಷ್ಟು ದೂರ ಜಾರಿದ ಸ್ವಿಚ್ಚಿಗೆ ಒಂದು ಹಲಸಿನ ಮರ ಹೋಗಿತ್ತು. ಅಂಗಡಿಯವರು ತಪ್ಪು ಹೇಳಿದರು ಅಂತ ನಾನು ತಪ್ಪಿಸಿಕೊಳ್ಳಬಹುದು. ಆದರೆ ಅವರ ಮಾತನ್ನು ಮರುಪ್ರಶ್ನೆ ಹಾಕದೆ ನಂಬಿದವನು ನಾನು. ನಂಬಿದ್ದು ಯಾಕೆ ಅಂತಲೂ ನನಗೆ ಗೊತ್ತು.

ಅಪ್ಪನಿಗೆ ಹೇಳಿದ್ದು

ಆ ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಮುದ್ದೆ ಮುರಿಯುತ್ತಿದ್ದ ಅಪ್ಪ ಕೈ ನಿಲ್ಲಿಸಿದರು.

"ಸ್ವಿಚ್ಚಾ?"

"ಹೂನಪ್ಪ. ಪಕ್ಕದಲ್ಲೊಂದು ಸ್ವಿಚ್ ಇತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಮೋಟ್ರು ಎತ್ಲಿಲ್ಲ ಅಂದ್ರೆ ನಾವು ಮೊದ್ಲು ಫ್ಯೂಸ್ ನೋಡ್ತೀವಿ. ಆಮೇಲೆ ಸ್ಟಾರ್ಟ್ರು. ಆಮೇಲೆ ಕೇಬಲ್ಲು. ಬೋರು ಬತ್ತೋಯ್ತು ಅಂತ ಮೊದ್ಲೇ ಯಾರಾದ್ರೂ ಹೇಳ್ತಾರೇನಪ್ಪ?"

ಅಷ್ಟೇ. ಮರದ ಮಾತು ಅವರು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ನಿಮ್ಮ ಅಟ್ಟದಲ್ಲೂ ಒಂದಿದ್ದರೆ

ಅಪ್ಪನ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಫ್ಯೂಸ್. 2008–2012ರ ಸುಮಾರಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅಂಚಿನಲ್ಲೋ ಕೀಲಿಮಣೆಯ ಮೇಲೋ ವೈಫೈ ಸ್ವಿಚ್ ಇರುತ್ತದೆ. ಲಿನಕ್ಸ್‌ನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಅಂತ ಕೊಟ್ಟರೆ ಎರಡು ಸಾಲು ಬರುತ್ತವೆ. 'ಹಾರ್ಡ್ ಬ್ಲಾಕ್ಡ್' ಮುಂದೆ 'ಎಸ್' ಅಂತಿದ್ದರೆ ಹೊರಗಿನ ಸ್ವಿಚ್ ಹುಡುಕಿ. 'ಸಾಫ್ಟ್ ಬ್ಲಾಕ್ಡ್' ಮುಂದೆ ಹಾಗಿದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್' ಎಂಬ ಆದೇಶ ಸಾಕು. ನಾನು ಇದನ್ನು ಮೊದಲೇ ಮಾಡಿದ್ದರೆ ತಾರಸಿಯಲ್ಲಿ ಅಷ್ಟು ಹೊತ್ತು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಆಮೇಲೆ ಗುರುತಿನ ಸಂಖ್ಯೆ. ಎಲ್ಲ ಕಾರ್ಡ್‌ಗೂ ಇಷ್ಟು ಪಾಡಿಲ್ಲ. ಅಥೆರಾಸ್‌ನ ಹಳೆಯ ಕಾರ್ಡ್‌ಗಳಲ್ಲಿ ಎಎತ್5ಕೆ, ಎಎತ್9ಕೆ ಡ್ರೈವರ್ ಬಳಸುವಂಥವಕ್ಕೆ ಹೊರಗಿನಿಂದ ಫರ್ಮ್‌ವೇರ್ ಬೇಕಿಲ್ಲ, ಹಾಕಿದೊಡನೆ ಓಡುತ್ತವೆ. ಇಂಟೆಲ್ ಕಾರ್ಡ್‌ಗಳ ಫರ್ಮ್‌ವೇರ್ ಡೆಬಿಯನ್ 12ರ ಜೊತೆಗೇ ಬರುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಕಾಣುವ ರಿಯಲ್‌ಟೆಕ್ 8139 ಎಂಬ ವೈರಿನ ಕಾರ್ಡ್ ಇಂದಿಗೂ ತಕರಾರಿಲ್ಲದೆ ನಡೆಯುತ್ತದೆ.

ನಮ್ಮಂಥ ಕಾರ್ಡ್ ಇದ್ದರೆ ಫೋನ್ ಟೆದರಿಂಗ್‌ನಲ್ಲಿ ಫರ್ಮ್‌ವೇರ್ ಹಾಕಿ. ಈ ಕಾರ್ಡ್‌ಗೆ 'ಡಬ್ಲ್ಯುಎಲ್' ಎಂಬ ಇನ್ನೊಂದು ಡ್ರೈವರ್ ಕೂಡ ಇದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದು ಹಾಕಿದರೆ ಅದು ಇನ್ನೊಂದನ್ನು ಏಳದಂತೆ ತಡೆಯುತ್ತದೆ.

ಕೊನೆಗೆ ಹಾಟ್‌ಸ್ಪಾಟ್. 4312 ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸಿಕೊಳ್ಳುತ್ತದೆ. ಮೇಷ್ಟ್ರ ಮನೆಯ ವೈಫೈ ಕಂಡರೂ ನಮ್ಮ ಹುಡುಗಿಯ ಫೋನಿನದು ಕಾಣಲಿಲ್ಲ, ಅದು 5 ಗಿಗಾಹರ್ಟ್ಸ್‌ನಲ್ಲಿತ್ತು. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ ಬದಲಿಸಿದ ಮೇಲೆ ಬಂತು.

ಎಲ್ಲ ಹಳೆಯ ಲ್ಯಾಪ್‌ಟಾಪೂ ಏಳುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮದೂ ಹೊಸದರಂತೆ ಓಡುವುದಿಲ್ಲ. ಬ್ರೌಸರಿನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ, ವಿಡಿಯೊ ತಡವರಿಸುತ್ತದೆ, ಕರೆಂಟ್ ಹೋದರೆ ಆರುತ್ತದೆ. ಆದರೆ ಸಿ ಪ್ರೋಗ್ರಾಮಿಗೆ ಬೇಕಾದ ಜಿಸಿಸಿ ಕಾಸಿಲ್ಲದೆ ಸಿಗುತ್ತದೆ. ನಾವು ನುಡಿಯಲ್ಲಿ ಕಲಿತ ಕೆಜಿಪಿ ಕೀಲಿಮಣೆ ವಿನ್ಯಾಸ ಅದರಲ್ಲೂ ಇದೆ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳೂ ಇವೆ. ಹುಡುಗಿ ಮೊದಲು ಟೈಪ್ ಮಾಡಿದ್ದು ಅವಳ ತಾತನ ಹೆಸರು.

ಅಕ್ಕ ಸದ್ಯಕ್ಕೆ ಸಾಲ ಬೇಡ ಅಂತ ಸಂಘಕ್ಕೆ ಹೇಳಿದ್ದಾಳೆ. ಮುಂದಿನ ವರ್ಷ ದೊಡ್ಡ ಸಾಫ್ಟ್‌ವೇರ್ ಬೇಕಾದರೆ ಆಗ ನೋಡೋಣ ಅಂದಿದ್ದಾಳೆ. ಒಂದು ವರ್ಷದ ಕಂತು ಉಳಿದರೂ ಉಳಿದ ಹಾಗೇ.

ಹೊರಡುವ ದಿನ ನೋಡಿದೆ. ಹುಡುಗಿ ಆ ಸ್ವಿಚ್ಚಿನ ಮೇಲೆ, ಇನ್ನೊಮ್ಮೆ ಜಾರದಿರಲಿ ಅಂತ, ಸೆಲ್ಲೋಟೇಪ್ ಅಂಟಿಸಿದ್ದಳು. ಪಕ್ಕದಲ್ಲಿ ಪೆನ್ನಿನಿಂದ ಸಣ್ಣಗೆ ಬರೆದಿದ್ದಳು: ಫ್ಯೂಸ್.